ಮೊದಲು ಓಮ್, ಆಮೇಲೆ ಕೋಣೆ, ಕೊನೆಗೆ ವಾಟ್: ಮನೆ ಸ್ಪೀಕರ್‌ಗೆ ಆಂಪ್ಲಿಫೈಯರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯದಿಂದ ಭಾವ ಫೋನ್ ಮಾಡಿದ್ದರು. "ಆಂಪು ಮೂರು ಹಾಡು ಹಾಡ್ತದೆ, ಆಮೇಲೆ ಟಕ್ ಅಂತ ಬಾಯಿ ಮುಚ್ಕೊತದೆ ಕಣಪ್ಪ. ಅರ್ಧ ಗಂಟೆ ಬಿಟ್ಟು ಹಾಕಿದ್ರೆ ಮತ್ತೆ ಹಾಡ್ತದೆ."

"ಎಷ್ಟು ಸ್ಪೀಕರ್ ಹಾಕಿದ್ದೀರಿ ಭಾವ?"

"ನಾಲ್ಕು. ಹಳೇ ವ್ಯಾನ್ ಮಾರೋಕೆ ಮುಂಚೆ ಬಿಚ್ಚಿಟ್ಕೊಂಡಿದ್ನಲ್ಲ, ಅವೇ. ಈ ಕಡೆಗೆರಡು, ಆ ಕಡೆಗೆರಡು. ಡಬ್ಬನೂ ಮಾಡ್ಸಿವ್ನಿ."

"ಆಂಪಿನ ಹಿಂದೆ ಏನು ಬರೆದಿದೆ?"

"ನೂರು ವಾಟು."

"ಅದರ ಪಕ್ಕದಲ್ಲಿ?"

ಟಾರ್ಚ್ ಹುಡುಕುವ ಸದ್ದು. ಶೋಕೇಸಿನಿಂದ ಏನೋ ಎಳೆಯುವ ಸದ್ದು. "ಎಂಟು ಅಂತ ಅದೆ. ಪಕ್ಕದಲ್ಲಿ ಎಂಥದೋ ಕುದುರೆ ಲಾಳ ಇದ್ದಂಗದೆ."

ಆ ಲಾಳವೇ ಓಮ್ ಗುರುತು. ಭಾವನ ಆಂಪ್ ಬಾಯಿ ಮುಚ್ಚುತ್ತಿದ್ದದ್ದು ಅದನ್ನು ಓದದೇ ಇದ್ದುದಕ್ಕೆ. ಮೈಸೂರಿನಲ್ಲಿ ನನ್ನ ಹತ್ತಿರ ಸಲಹೆ ಕೇಳಲು ಬರುವವರೂ ಅಷ್ಟೇ, "ಎಷ್ಟು ವಾಟ್ ತಗೊಳ್ಳಲಿ?" ಅಂತಲೇ ಶುರು ಮಾಡುತ್ತಾರೆ. ಎಡವೋದು ಅಲ್ಲೇ. ವಾಟ್ ಕೊನೆಗೆ ಬರುವ ಲೆಕ್ಕ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದನ್ನು ಹಾರಿಸಿದರೆ ಮತ್ತೆ ಮೊದಲಿಗೇ ಬರುತ್ತೀರಿ.

ಒಳಗೇ ಆಂಪ್ ಇರುವ, ತನ್ನದೇ ಕರೆಂಟ್ ವೈರ್ ಇರುವ ಸ್ಪೀಕರ್‌ಗಳಿಗೂ ಸೌಂಡ್‌ಬಾರ್‌ಗಳಿಗೂ ಇದು ಯಾವುದೂ ಬೇಡ.

ಕೈಯಲ್ಲಿ ಇರಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್. ಸಾದಾ ಅಗ್ಗದ್ದೇ ಸಾಕು. ಒಂದು 1.5 ವೋಲ್ಟ್ ಪೆನ್ಸಿಲ್ ಸೆಲ್, ಬ್ಲೇಡ್ ಅಥವಾ ವೈರ್ ಸ್ಟ್ರಿಪ್ಪರ್, ಅಳತೆ ಟೇಪು, ಟಾರ್ಚ್. ಜೊತೆಗೆ ಒಂದು ಚೀಟಿ ಮತ್ತು ಪೆನ್ನು. ಚೀಟಿ ಅಂದರೆ ನಗಬೇಡಿ. ಪ್ರತಿ ಹಂತದಲ್ಲೂ ಸಿಗುವ ಸಂಖ್ಯೆಯನ್ನು ಅದರಲ್ಲಿ ಬರೆಯುತ್ತಾ ಹೋಗಬೇಕು.

ಹಂತ 1: ಸ್ಪೀಕರಿನ ಓಮ್ ಎಷ್ಟು?

ಸ್ಪೀಕರ್ ಡಬ್ಬದ ಹಿಂಭಾಗದಲ್ಲಿ ಅಥವಾ ವೂಫರ್‌ನ (ದಪ್ಪ ಸ್ವರ ಹಾಡುವ ದೊಡ್ಡ ಕೋನ್) ಮ್ಯಾಗ್ನೆಟ್ ಮೇಲೆ 4, 6 ಅಥವಾ 8 ಓಮ್ ಅಂತ ಬರೆದಿರುತ್ತದೆ. ಮನೆಯ ಸ್ಟೀರಿಯೊ ಸ್ಪೀಕರ್‌ಗಳು ಹೆಚ್ಚಾಗಿ 6 ಅಥವಾ 8. ಕಾರಿನವು 4. ಹಳೇ ಹೋಮ್ ಥಿಯೇಟರ್ ಸೆಟ್‌ನಿಂದ ಬಿಡಿಸಿದ ಪುಟ್ಟ ಸ್ಪೀಕರ್‌ಗಳು 3 ಓಮ್ ಇರುವುದೂ ಉಂಟು. ಅವನ್ನು ಕಣ್ಣಿಗೆ ಚೆನ್ನಾಗಿವೆ ಅಂತ ಬೇರೆ ಆಂಪ್‌ಗೆ ಹಾಕಿದವರು ಬಹಳ ಜನ.

ಲೇಬಲ್ ಹರಿದಿದ್ದರೆ ಮೀಟರ್ ಇದೆಯಲ್ಲ. ಸ್ಪೀಕರ್‌ನ ಎರಡೂ ವೈರ್ ಆಂಪ್‌ನಿಂದ ಬಿಚ್ಚಿ. ಮೀಟರನ್ನು 200 ಓಮ್‌ಗೆ ತಿರುಗಿಸಿ. ಮೊದಲು ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. 0.3, 0.4 ಅಂತ ಏನಾದರೂ ತೋರಿಸುತ್ತದೆ. ಅದು ಮೀಟರಿನ ವೈರಿನದು. ಆಮೇಲೆ ಸ್ಪೀಕರ್ ಟರ್ಮಿನಲ್‌ಗೆ ಇಟ್ಟು ಓದಿ, ಮೊದಲಿನದನ್ನು ಕಳೆಯಿರಿ.

ಉಳಿದದ್ದು 5.5ರಿಂದ 7 ಇದ್ದರೆ ಅದು 8 ಓಮ್ ಸ್ಪೀಕರ್. 3ರಿಂದ 3.8 ಇದ್ದರೆ 4 ಓಮ್. 4ರಿಂದ 5ರ ನಡುವೆ ಬಂದರೆ 6 ಓಮ್. "8 ಅಂತ ಬರೆದಿದೆ, ಮೀಟರ್ 6.2 ತೋರಿಸ್ತಿದೆ, ಮೋಸ ಆಯ್ತಾ?" ಅಂತ ಕೇಳುತ್ತಾರೆ. ಇಲ್ಲ. ಮೀಟರ್ ಅಳೆಯುವುದು ಕಾಯಿಲ್‌ನ ತಂತಿಯನ್ನು ಮಾತ್ರ. ಹಾಡು ಹರಿಯುವಾಗ ಎದುರಾಗುವ ತಡೆ ಅದಕ್ಕಿಂತ ಜಾಸ್ತಿ, ಅದೂ ಒಂದೊಂದು ಸ್ವರಕ್ಕೆ ಒಂದೊಂದು ಥರ. ಲೇಬಲ್‌ನಲ್ಲಿ ಬರೆಯುವುದು ಆ ಏರಿಳಿತಕ್ಕೆಲ್ಲ ಸೇರಿಸಿ ಕೊಟ್ಟ ಒಂದು ಸಂಖ್ಯೆ. ಅದನ್ನೇ ಇಂಪೀಡೆನ್ಸ್ ಅನ್ನುವುದು.

ಮೀಟರ್ 1 ಅಥವಾ ಒಎಲ್ ಅಂತ ತೋರಿಸಿದರೆ ಕಾಯಿಲ್ ಕಡಿದಿದೆ ಅಥವಾ ಒಳಗಿನ ವೈರ್ ಬಿಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಅಂಥ ಸ್ಪೀಕರನ್ನು ಆಂಪ್ ಹತ್ತಿರಕ್ಕೂ ತರಬೇಡಿ. ಬಿಡಿ ಟ್ವೀಟರ್‌ಗೆ (ಕೀಚಲು ಸ್ವರ ಹಾಡುವ ಪುಟ್ಟ ಸ್ಪೀಕರ್) ಕೆಪಾಸಿಟರ್ ಸೇರಿಸಿದ್ದರೂ ಮೀಟರ್ ಒಎಲ್ ತೋರಿಸುತ್ತದೆ, ಅದು ಕೆಟ್ಟಿದೆ ಅಂತಲ್ಲ.

ಹಂತ 2: ಆಂಪ್ ಎಷ್ಟು ಓಮ್‌ವರೆಗೆ ಇಳಿಯಬಹುದು?

ಓಮ್ ಅಂದರೆ ನಾಲೆಯ ತೂಬಿನ ಬಾಯಿ ಇದ್ದ ಹಾಗೆ, ಆದರೆ ಲೆಕ್ಕ ಉಲ್ಟಾ. ಓಮ್ ಕಡಿಮೆಯಾದಷ್ಟೂ ಬಾಯಿ ಅಗಲ, ಹರಿಯುವುದು ಜಾಸ್ತಿ. ಹರಿಸಬೇಕಾದದ್ದು ಆಂಪ್. ಆಂಪ್ 20 ವೋಲ್ಟ್ ಹೊರಗೆ ಬಿಡುತ್ತಿದೆ ಅನ್ನಿ. 8 ಓಮ್ ಸ್ಪೀಕರ್ 2.5 ಆಂಪಿಯರ್ ಎಳೆಯುತ್ತದೆ, ಅಂದರೆ 50 ವಾಟ್. 4 ಓಮ್ ಆದರೆ 5 ಆಂಪಿಯರ್. 2 ಓಮ್ ಆದರೆ 10 ಆಂಪಿಯರ್. ವಾಲ್ಯೂಮ್ ನಾಬ್ ಮಾತ್ರ ಇದ್ದಲ್ಲೇ ಇದೆ! ಟ್ರಾನ್ಸಿಸ್ಟರ್‌ಗಳು ಬಿಸಿಯಾಗುವುದು ಈ ಆಂಪಿಯರ್‌ಗೆ.

ಆಂಪ್ ಹಿಂಭಾಗದಲ್ಲಿ ಸ್ಪೀಕರ್ ಟರ್ಮಿನಲ್ ಹತ್ತಿರ ಸಣ್ಣ ಅಕ್ಷರ ಓದಿ. "6ರಿಂದ 16 ಓಮ್" ಅಂತ ಇದ್ದರೆ 6 ಅದರ ಕೆಳಗಿನ ಮಿತಿ. ಸ್ಪೀಕರಿನ ಓಮ್ ಇದಕ್ಕೆ ಸಮ ಇರಬೇಕು ಅಥವಾ ಜಾಸ್ತಿ ಇರಬೇಕು. ಕಡಿಮೆ ಇರಕೂಡದು. ಇಷ್ಟೇ ನಿಯಮ.

ಜಾಸ್ತಿ ಇದ್ದರೆ? ಏನೂ ಆಗಲ್ಲ. 4 ಓಮ್ ಆಂಪ್‌ಗೆ 8 ಓಮ್ ಸ್ಪೀಕರ್ ಹಾಕಿದರೆ ಬರೆದ ವಾಟ್‌ನಲ್ಲಿ ಸುಮಾರು ಅರ್ಧದಷ್ಟು ಸಿಗುತ್ತದೆ, ಆಂಪ್ ತಣ್ಣಗಿರುತ್ತದೆ.

ಕೆಲವು ಆಂಪ್‌ಗಳಲ್ಲಿ ಎ, ಬಿ ಅಂತ ಎರಡು ಜೊತೆ ಟರ್ಮಿನಲ್ ಇರುತ್ತದೆ. "ಎ ಅಥವಾ ಬಿ: 4 ಓಮ್, ಎ ಮತ್ತು ಬಿ: 8 ಓಮ್" ಅಂತ ಬರೆದಿರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದಾಗ ಪ್ರತಿ ಸ್ಪೀಕರ್ 8 ಓಮ್ ಇರಲೇಬೇಕು ಅಂತ ಅದರ ಅರ್ಥ. ಈ ಸಾಲನ್ನು ಓದದೆ ಹಾಲ್‌ಗೊಂದು ಜೊತೆ, ಊಟದ ಕೋಣೆಗೊಂದು ಜೊತೆ 4 ಓಮ್ ಹಾಕಿ, ಸುಮ್ನೆ ಆಂಪ್ ಕಂಪನಿಯನ್ನು ಬೈಯುವವರಿದ್ದಾರೆ.

ರಿಸೀವರ್ (ರೇಡಿಯೊ, ಆಂಪ್ ಒಂದೇ ಪೆಟ್ಟಿಗೆಯಲ್ಲಿರುವುದು) ಹಿಂದೆ ಇಂಪೀಡೆನ್ಸ್ ಸ್ವಿಚ್ ಇದ್ದರೆ ಒಂದು ವಿಷಯ ತಿಳಿದಿರಲಿ. ಅದನ್ನು 4ಕ್ಕೆ ತಳ್ಳಿದರೆ ಆಂಪ್‌ಗೆ ಹೊಸ ಬಲ ಬರುವುದಿಲ್ಲ. ಒಳಗಿನ ವೋಲ್ಟ್ ತಗ್ಗಿಸಿ ಬಿಸಿ ಕಡಿಮೆ ಮಾಡುತ್ತದೆ, ಅಷ್ಟೇ. ಮನೆಯಲ್ಲಿ ಹಳೇ ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವುದು) ಇದ್ದರೆ ಅದರ ಲೆಕ್ಕವೇ ಬೇರೆ: ಅಲ್ಲಿ 4ರ ಟರ್ಮಿನಲ್‌ಗೆ 4, 8ರ ಟರ್ಮಿನಲ್‌ಗೆ 8 ಸರಿಯಾಗಿ ಕೂಡಿಸಬೇಕು, ಸ್ಪೀಕರ್ ಇಲ್ಲದೆ ಆನ್ ಮಾಡಲೇಬಾರದು.

ಹಂತ 3: ಒಂದು ಕಡೆಗೆ ಎರಡು ಸ್ಪೀಕರ್ ಹಾಕುವುದಾದರೆ

ಒಂದು ಚಾನೆಲ್‌ಗೆ, ಅಂದರೆ ಎಡಕ್ಕೊಂದು ಬಲಕ್ಕೊಂದು ಅಂತ ಒಂದೇ ಸ್ಪೀಕರ್ ಇದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಎರಡು ಸ್ಪೀಕರ್‌ನ ಕೆಂಪು ಕೆಂಪು ಒಟ್ಟಿಗೆ, ಕಪ್ಪು ಕಪ್ಪು ಒಟ್ಟಿಗೆ ಸೇರಿಸಿ ಆಂಪ್‌ಗೆ ತಂದರೆ ಅದು ಪ್ಯಾರಲಲ್. ಎಲ್ಲರೂ ಯೋಚನೆಯಿಲ್ಲದೆ ಮಾಡುವುದು ಇದನ್ನೇ. ಎರಡೂ ಒಂದೇ ಓಮ್ ಆದರೆ ಒಟ್ಟು ಅರ್ಧವಾಗುತ್ತದೆ. 8 ಮತ್ತು 8 ಸೇರಿ 4. 4 ಮತ್ತು 4 ಸೇರಿ 2. ಬೇರೆ ಬೇರೆ ಓಮ್ ಇದ್ದರೆ ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. 8 ಮತ್ತು 4ಕ್ಕೆ 32 ಭಾಗಿಸು 12, ಅಂದರೆ ಸುಮಾರು 2.7.

ಆಂಪ್‌ನ ಕೆಂಪು ಮೊದಲ ಸ್ಪೀಕರಿನ ಕೆಂಪಿಗೆ, ಅದರ ಕಪ್ಪು ಎರಡನೆಯದರ ಕೆಂಪಿಗೆ, ಎರಡನೆಯದರ ಕಪ್ಪು ವಾಪಸ್ ಆಂಪ್‌ನ ಕಪ್ಪಿಗೆ. ಇದು ಸೀರೀಸ್. ಇಲ್ಲಿ ಕೂಡಿಸಿದರೆ ಸಾಕು: 4 ಮತ್ತು 4 ಸೇರಿ 8.

ಈಗ ಭಾವನ ಕಥೆ ಗೊತ್ತಾಯಿತಲ್ಲ. 4 ಓಮ್‌ನ ಎರಡೆರಡು ಪ್ಯಾರಲಲ್, ಅಂದರೆ ಒಂದೊಂದು ಚಾನೆಲ್‌ಗೆ 2 ಓಮ್. ಆಂಪ್ ಕೇಳಿದ್ದು 8. ಮೂರು ಹಾಡು ತಡೆದುಕೊಂಡದ್ದೇ ಪುಣ್ಯ! ಭಾನುವಾರ ಹೋಗಿ ಎರಡು ವೈರ್ ಬದಲಿಸಿ ಸೀರೀಸ್ ಮಾಡಿದೆ. "ಸದ್ದು ಕಮ್ಮಿ ಆಯ್ತಲ್ಲಪ್ಪ" ಅಂದರು. ಆಗಲೇಬೇಕು. ಅದೇ ನಾಬ್‌ನಲ್ಲಿ ಓಮ್ ನಾಲ್ಕು ಪಟ್ಟಾದರೆ ವಾಟ್ ಕಾಲು ಭಾಗಕ್ಕೆ ಇಳಿಯುತ್ತದೆ. ನಾಬ್ ಇನ್ನೊಂದು ಸ್ವಲ್ಪ ತಿರುಗಿಸಿದೆ. ಮಧ್ಯಾಹ್ನ ಊಟ ಮುಗಿದು ಕಾಫಿ ಬರುವವರೆಗೂ ಹಾಡುತ್ತಲೇ ಇತ್ತು.

ಸೀರೀಸ್ ಮಾಡುವಾಗ ಎರಡೂ ಒಂದೇ ಮಾಡೆಲ್ ಇರಲಿ. ಒಂದು ದೊಡ್ಡದು, ಒಂದು ಚಿಕ್ಕದು ಸೇರಿಸಿದರೆ ಒಂದರ ಏರಿಳಿತ ಇನ್ನೊಂದರ ಸದ್ದನ್ನು ಕೆಡಿಸುತ್ತದೆ.

ಕೆಲವರು 4 ಓಮ್ ಸ್ಪೀಕರ್‌ಗೆ 4 ಓಮ್ ರೆಸಿಸ್ಟರ್ ಸೀರೀಸ್ ಹಾಕಿ "8 ಮಾಡಿದ್ದೀನಿ" ಅನ್ನುತ್ತಾರೆ. ಲೆಕ್ಕ ಸರಿ. ಆದರೆ ಆಂಪ್ ಕೊಟ್ಟ ವಾಟ್‌ನಲ್ಲಿ ಅರ್ಧ ಭಾಗ ಆ ರೆಸಿಸ್ಟರನ್ನು ಕಾಯಿಸೋಕೇ ಹೋಗುತ್ತದೆ, ಬೇಸ್ (ದಪ್ಪ ಸ್ವರ) ಸಡಿಲವಾಗುತ್ತದೆ. ನನಗೆ ಇಷ್ಟವಿಲ್ಲ.

ಇನ್ನೊಂದು ಅಪಾಯ. ಇವತ್ತಿನ ಚಿಕ್ಕ ಕ್ಲಾಸ್ ಡಿ ಆಂಪ್ ಬೋರ್ಡ್‌ಗಳಲ್ಲಿ ಬಹುಪಾಲು ಬ್ರಿಡ್ಜ್ ರೀತಿಯವು, ಅಂದರೆ ಕೆಂಪು, ಕಪ್ಪು ಎರಡೂ ಟರ್ಮಿನಲ್‌ನಿಂದ ಹಾಡು ಬರುತ್ತದೆ. ಅವುಗಳ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ವೈರ್ ಉಳಿಸೋಣ ಅಂತ ಎಡಗಡೆಯ ಕಪ್ಪು, ಬಲಗಡೆಯ ಕಪ್ಪು ಎರಡನ್ನೂ ಸೇರಿಸಿ ಮೂರು ವೈರ್‌ನಲ್ಲಿ ಮುಗಿಸಿದರೆ ಬೋರ್ಡ್ ಸುಟ್ಟೇ ಹೋದೀತು. ಪ್ರತಿ ಸ್ಪೀಕರ್‌ಗೆ ಪ್ರತ್ಯೇಕ ಎರಡು ವೈರ್ ಎಳೆಯಿರಿ.

ಹಂತ 4: ಕೋಣೆಗೆ ಎಷ್ಟು ಬೇಕು?

ಸ್ಪೀಕರ್ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಾಲು ಇರುತ್ತದೆ: 86 ಡೆಸಿಬೆಲ್, 1 ವಾಟ್, 1 ಮೀಟರ್. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಇಷ್ಟು ಸದ್ದು ಅಂತ. ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

12 ಅಡಿಗೆ 15 ಅಡಿ ಹಾಲ್ ತೆಗೆದುಕೊಳ್ಳೋಣ. ಸೋಫಾ ಸ್ಪೀಕರ್‌ನಿಂದ 3 ಮೀಟರ್ ದೂರ, ಅಂದರೆ ಸುಮಾರು 10 ಅಡಿ. ಬಯಲಲ್ಲಿ ಆದರೆ ಅಷ್ಟು ದೂರಕ್ಕೆ 9.5 ಡೆಸಿಬೆಲ್ ಕಳೆದುಹೋಗುತ್ತದೆ. ಆದರೆ ಸ್ಪೀಕರ್ ಎರಡಿವೆ, 3 ವಾಪಸ್ ಬಂತು. ಗೋಡೆಗಳು ಇನ್ನೆರಡು ವಾಪಸ್ ಕೊಡುತ್ತವೆ. ಸುಮಾರು 82 ಉಳಿಯಿತು. ಮಾತಾಡುವ ಸದ್ದು 60ರ ಆಸುಪಾಸು. ಹಾಗಾದರೆ ಒಂದೇ ಒಂದು ವಾಟ್‌ನಲ್ಲಿ ಅಡುಗೆಮನೆಯಿಂದ "ಸ್ವಲ್ಪ ಕಮ್ಮಿ ಮಾಡ್ರೀ" ಅಂತ ಕೂಗು ಬರುವಷ್ಟು ಸದ್ದಾಗುತ್ತದೆ!

ಮತ್ತೆ 50 ವಾಟ್ ಯಾಕೆ? ಹಾಡು ಒಂದೇ ಮಟ್ಟದಲ್ಲಿ ಇರಲ್ಲ. ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 15 ಡೆಸಿಬೆಲ್ ಮೇಲೆ ಹಾರಬಹುದು. ಡೆಸಿಬೆಲ್ ಲೆಕ್ಕ ಹೀಗೆ: 3 ಏರಿದರೆ ವಾಟ್ ಎರಡು ಪಟ್ಟು ಬೇಕು, 10 ಏರಿದರೆ ಹತ್ತು ಪಟ್ಟು, 15 ಏರಿದರೆ ಸುಮಾರು 32 ಪಟ್ಟು. ಒಂದು ವಾಟ್‌ನ ಹಾಡಿಗೆ ಆ ಪೆಟ್ಟಿನ ಕ್ಷಣದಲ್ಲಿ 32 ವಾಟ್ ಸಿದ್ಧ ಇರಬೇಕು. ಆದ್ದರಿಂದ ಇಂಥ ಹಾಲ್‌ಗೆ 40ರಿಂದ 50 ನಿಜವಾದ ವಾಟ್ ಧಾರಾಳ.

50ರ ಬದಲು 100 ವಾಟ್ ತಗೊಂಡರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ "ಹೌದಾ, ಸ್ವಲ್ಪ ಜಾಸ್ತಿ ಆಯ್ತಾ?" ಅನ್ನಿಸುವಷ್ಟು. ಅದರ ಬದಲು 86ರ ಜಾಗದಲ್ಲಿ 89ರ ಸ್ಪೀಕರ್ ಹುಡುಕಿದರೆ ಅದೇ ಲಾಭ, ಆಂಪ್ ಬದಲಿಸದೆ.

4 ಓಮ್ ಸ್ಪೀಕರ್ ವಿವರದಲ್ಲಿ 1 ವಾಟ್ ಬದಲು 2.83 ವೋಲ್ಟ್ ಅಂತ ಬರೆದಿದ್ದರೆ 3 ಡೆಸಿಬೆಲ್ ಕಳೆಯಿರಿ. 2.83 ವೋಲ್ಟ್ ಅನ್ನುವುದು 8 ಓಮ್‌ಗೆ 1 ವಾಟ್, 4 ಓಮ್‌ಗೆ 2 ವಾಟ್.

ರೆಡ್ ಆಕ್ಸೈಡ್ ನೆಲ, ಬರೀ ಗೋಡೆ ಇರುವ ಹಳೇ ಮೈಸೂರು ಮನೆಗಳಲ್ಲಿ ಸದ್ದು ಗುಂಯ್ ಅಂತ ಪ್ರತಿಧ್ವನಿಸುತ್ತದೆ. ಅದಕ್ಕೆ ವಾಟ್ ಮದ್ದಲ್ಲ. ಒಂದು ದಪ್ಪ ಜಮಖಾನ ಹಾಸಿ, ಪರದೆ ಹಾಕಿ ಕೇಳಿ ನೋಡಿ.

ಹಂತ 5: ಬರೆದ ವಾಟ್‌ನಲ್ಲಿ ನಿಜ ಎಷ್ಟು?

ಪಿಎಂಪಿಒ (ಮಾರಾಟಕ್ಕೆ ಉಬ್ಬಿಸಿ ಬರೆದ ಕ್ಷಣಮಾತ್ರದ ವಾಟ್) ಅಂತ ಇದ್ದರೆ ಆ ಸಂಖ್ಯೆಯನ್ನು ಮರೆತುಬಿಡಿ. ಅದರಿಂದ ಏನನ್ನೂ ಲೆಕ್ಕ ಹಾಕೋಕೆ ಬರಲ್ಲ. ಆರ್‌ಎಂಎಸ್ (ಸತತವಾಗಿ ಕೊಡುವ ವಾಟ್) ಅಂತ ಇದ್ದರೆ ಎಷ್ಟು ಓಮ್‌ಗೆ, ಎಷ್ಟು ಚಾನೆಲ್ ಒಟ್ಟಿಗೆ ಹಾಡುವಾಗ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಸದ್ದು ಕೆಡುವ ಪ್ರಮಾಣ) ಅಂತ ನೋಡಿ. ರಿಸೀವರ್ ಡಬ್ಬದ ಮೇಲಿನ ದಪ್ಪಕ್ಷರದ ಸಂಖ್ಯೆ ಎಷ್ಟೋ ಸಲ ಒಂದೇ ಚಾನೆಲ್, 6 ಓಮ್, ಶೇಕಡಾ 10 ಡಿಸ್ಟಾರ್ಷನ್‌ನಲ್ಲಿ ಅಳೆದದ್ದು. ಅದೇ ಪುಸ್ತಿಕೆಯಲ್ಲಿ 8 ಓಮ್, ಎರಡು ಚಾನೆಲ್, 20ರಿಂದ 20,000 ಹರ್ಟ್ಸ್ ಅನ್ನುವ ಸಾಲಿದ್ದರೆ ಅದನ್ನು ನಂಬಿ.

ಪುಸ್ತಿಕೆ ಇಲ್ಲವೇ? ಆಂಪ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಹಿಂದೆ ಬರೆದಿರುತ್ತದೆ. 60 ವಾಟ್ ಎಳೆಯುವ ಪೆಟ್ಟಿಗೆ 200 ವಾಟ್ ಹೊರಗೆ ಕೊಡುತ್ತಲೇ ಇರಲು ಆಗಲ್ಲ, ಅಲ್ವಾ?

ಅಸೆಂಬಲ್ ಮಾಡಿಸಿದ ಆಂಪ್ ಆದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದದ್ದು ಓದಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬೋರ್ಡ್ ಮೇಲೆ 200 ವಾಟ್ ಅಂತಿದ್ದರೂ, ಅದಕ್ಕೆ 12-0-12 (ನಡುವಿನ ತಂತಿಯಿಂದ ಎರಡೂ ಕಡೆಗೆ 12 ವೋಲ್ಟ್) ಟ್ರಾನ್ಸ್‌ಫಾರ್ಮರ್ ಕೊಟ್ಟಿದ್ದರೆ 8 ಓಮ್‌ಗೆ ಒಂದು ಚಾನೆಲ್‌ಗೆ 12 ವಾಟ್ ಆಸುಪಾಸು ಬರುತ್ತದೆ. 24-0-24 ಕೊಟ್ಟರೆ 50 ದಾಟಬಹುದು. ಚಿಕ್ಕ ಕ್ಲಾಸ್ ಡಿ ಆಂಪ್‌ಗಳಲ್ಲೂ ಹೀಗೇ. "50+50" ಅಂತ ಬರೆದ ಬೋರ್ಡ್‌ಗೆ 12 ವೋಲ್ಟ್ ಅಡಾಪ್ಟರ್ ಚುಚ್ಚಿದರೆ 8 ಓಮ್‌ಗೆ 9 ವಾಟ್, 4 ಓಮ್‌ಗೆ 18. ಅದಕ್ಕಿಂತ ಜಾಸ್ತಿ ಕೊಡಲು ಒಳಗೆ ವೋಲ್ಟೇ ಇಲ್ಲ.

ವೋಲ್ಟೇಜ್ ಇಳಿಯುವ ಹಳ್ಳಿ ಮನೆಗಳಿಗೆ ಒಂದು ಮಾತು. ರಾತ್ರಿ ಪಂಪ್‌ಸೆಟ್‌ಗಳೆಲ್ಲ ಓಡುವಾಗ 230ರ ಜಾಗದಲ್ಲಿ 180 ಬಂದರೆ, ಸಾದಾ ಟ್ರಾನ್ಸ್‌ಫಾರ್ಮರ್ ಆಂಪ್‌ನ ಗರಿಷ್ಠ ವಾಟ್ ಸುಮಾರು ಶೇಕಡಾ 60ಕ್ಕೆ ಬೀಳುತ್ತದೆ. ಹಗಲು ಸರಿಯಿದ್ದ ವಾಲ್ಯೂಮ್‌ನಲ್ಲಿ ರಾತ್ರಿ ಸದ್ದು ಒಡೆಯುವುದು ಇದಕ್ಕೇ.

ಹಂತ 6: ಸ್ಪೀಕರ್ ವಾಟ್, ಆಂಪ್ ವಾಟ್ ಹೋಲಿಸಿ

ಸ್ಪೀಕರ್ ಮೇಲಿನ ವಾಟ್ ಅದು ತಡೆದುಕೊಳ್ಳುವ ಮಿತಿ. ಕೊಡುವುದಲ್ಲ. ಆಂಪ್‌ನ ಆರ್‌ಎಂಎಸ್, ನಿಮ್ಮ ಸ್ಪೀಕರಿನ ಓಮ್‌ನಲ್ಲಿ, ಸ್ಪೀಕರ್‌ನ ಆರ್‌ಎಂಎಸ್‌ಗೆ ಸಮ ಇರಲಿ. ಒಂದೂವರೆ ಪಟ್ಟು ಇದ್ದರೂ ಮನೆಗೆ ಸರಿ, ನಾಬ್ ನಿಮ್ಮ ಕೈಯಲ್ಲಿದ್ದರೆ.

"ಚಿಕ್ಕ ಆಂಪ್ ಹಾಕಿದರೆ ಸ್ಪೀಕರ್ ಸುಡಲ್ಲ" ಅನ್ನುವ ನಂಬಿಕೆ ಇದೆ. ನಾನೂ ನಂಬಿದ್ದೆ. ಕುವೆಂಪುನಗರದ ಮನೆಯ ತಾರಸಿ ಮೇಲೆ ತಂಗಿ ಮಗುವಿನ ನಾಮಕರಣ. 20 ವಾಟ್ ಆಂಪ್, 80 ವಾಟ್ ಸ್ಪೀಕರ್. ಬಯಲಲ್ಲಿ ಸದ್ದು ಸಾಲಲಿಲ್ಲ. ಬೇಸ್ ಪೂರ್ತಿ ಏರಿಸಿದೆ, ವಾಲ್ಯೂಮ್ ಪೂರ್ತಿ ಏರಿಸಿದೆ. ಊಟದ ಎರಡನೇ ಪಂಕ್ತಿಗೆ ಹಾಡು ಕಂಬಳಿ ಹೊದ್ದ ಹಾಗೆ ಕೇಳತೊಡಗಿತು. ಹತ್ತಿರ ಹೋದರೆ ಸುಟ್ಟ ವಾರ್ನಿಷ್ ವಾಸನೆ. ಎರಡೂ ಟ್ವೀಟರ್ ಹೋಗಿದ್ದವು.

ಆಗಿದ್ದು ಇಷ್ಟು. ಆಂಪ್ ತನ್ನ ಮಿತಿ ಮುಟ್ಟಿದಾಗ ಅಲೆಯ ತುದಿಯನ್ನು ಕತ್ತರಿಸುತ್ತದೆ. ಕ್ಲಿಪ್ಪಿಂಗ್ ಅನ್ನುವುದು ಅದನ್ನೇ. ಗುಡ್ಡದಂತಿದ್ದ ಅಲೆ ಮೇಜಿನಂತೆ ಚಪ್ಪಟೆಯಾಗುತ್ತದೆ. ಸರಾಸರಿ ವಾಟ್ ಏರುತ್ತದೆ, ಮೂಲದಲ್ಲಿ ಇಲ್ಲದ ಕೀಚಲು ಸ್ವರಗಳು ಹುಟ್ಟಿಕೊಳ್ಳುತ್ತವೆ. ಅವೆಲ್ಲ ಹೋಗುವುದು ಟ್ವೀಟರ್‌ಗೆ. 80 ವಾಟ್ ಅಂತ ಬರೆದ ಡಬ್ಬದೊಳಗಿನ ಟ್ವೀಟರ್ ಸತತವಾಗಿ ತಡೆಯುವುದು ಕೆಲವೇ ವಾಟ್.

ಚಿಕ್ಕ ಆಂಪ್ ತಪ್ಪಲ್ಲ. ಅದನ್ನು ಹಿಂಡುವುದು ತಪ್ಪು. ಬೇಸ್ ನಾಬ್ 10 ಡೆಸಿಬೆಲ್ ಏರಿಸಿದರೆ ಬೇಸ್‌ಗೆ ಹತ್ತು ಪಟ್ಟು ವಾಟ್ ಕೇಳಿದ ಹಾಗೆ. ಈ ನಾಬ್‌ನಿಂದ ಆದಷ್ಟು ನಷ್ಟ ಬೇರೆ ಯಾವುದರಿಂದಲೂ ಆಗಿದ್ದು ನಾನು ಕಂಡಿಲ್ಲ.

ಹಂತ 7: ವೈರ್

ಬೇಗ ಮುಗಿಸುತ್ತೇನೆ. 5 ಮೀಟರ್ ಒಳಗೆ 8 ಓಮ್‌ಗೆ 1 ಚದರ ಮಿಲಿಮೀಟರ್ ತಾಮ್ರ ಸಾಕು. 4 ಓಮ್‌ಗೆ 1.5. ಹತ್ತು ಮೀಟರ್ ಎಳೆಯಬೇಕಾದರೆ 8 ಓಮ್‌ಗೆ 1.5, 4 ಓಮ್‌ಗೆ 2.5. ಹೋಗಿ ಬರುವ ತಂತಿಯ ತಡೆ ಸ್ಪೀಕರ್ ಓಮ್‌ನ ಶೇಕಡಾ 5ರ ಒಳಗಿರಬೇಕು ಅನ್ನುವ ಲೆಕ್ಕ ಇದು. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ ಇರಬಹುದು, ಒಂದು ಸೈಜ್ ದಪ್ಪನೆಯದು ತೆಗೆದುಕೊಳ್ಳಿ. ಮೀಟರಿಗೆ ಸಾವಿರಾರು ರೂಪಾಯಿಯ ವೈರ್ ಬೇಡ.

ಹಂತ 8: ಜೋಡಿಸಿ, ಮೊದಲ ಸಲ ಆನ್ ಮಾಡುವುದು

1. ಆಂಪ್ ಪ್ಲಗ್ ಕಿತ್ತಿಡಿ. ವೈರ್ ತುದಿ ಒಂದು ಸೆಂಟಿಮೀಟರ್ ಮಾತ್ರ ಸುಲಿದು, ಎಳೆಗಳನ್ನು ಬತ್ತಿ ಹೊಸೆದ ಹಾಗೆ ಹೊಸೆಯಿರಿ. ಒಂದು ಎಳೆ ಈಚೆ ಬಂದು ಪಕ್ಕದ ಟರ್ಮಿನಲ್ ಮುಟ್ಟಿದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ.

2. ಸ್ಪೀಕರ್ ಕಡೆ ಮಾತ್ರ ವೈರ್ ಹಾಕಿ. ಕೆಂಪು ಯಾವುದು ಅಂತ ಅನುಮಾನವಿದ್ದರೆ ಆಂಪ್ ಕಡೆಯ ತುದಿಗೆ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿ. ವೂಫರ್ ಕೋನ್ ಹೊರಗೆ ಬಂದರೆ ಸೆಲ್‌ನ ಪ್ಲಸ್ ಮುಟ್ಟಿದ್ದೇ ಕೆಂಪು. ಬಿಡಿ ಟ್ವೀಟರ್‌ಗೆ ಈ ಪರೀಕ್ಷೆ ಬೇಡ.

3. ಆಂಪ್ ಕಡೆಯ ತುದಿಯಲ್ಲಿ ಮೀಟರ್ ಇಟ್ಟು ಓಮ್ ಓದಿ. ಚೀಟಿಯಲ್ಲಿ ಬರೆದ ಸಂಖ್ಯೆಗೆ ಹತ್ತಿರ ಇರಬೇಕು. ಸೊನ್ನೆ ಬಂದರೆ ಎಲ್ಲೋ ಶಾರ್ಟ್, ಕಾಲು ಭಾಗ ಬಂದರೆ ನೀವು ಸೀರೀಸ್ ಅಂದುಕೊಂಡದ್ದು ಪ್ಯಾರಲಲ್ ಆಗಿರಬಹುದು. ಎಷ್ಟು ಅವಸರವಿದ್ದರೂ ಇದೊಂದನ್ನು ಬಿಡಬೇಡಿ.

4. ಹಳೇ ಅಥವಾ ರಿಪೇರಿಯಾದ ಆಂಪ್ ಆದರೆ ಇನ್ನೂ ಸ್ಪೀಕರ್ ಸೇರಿಸದೆ, ವಾಲ್ಯೂಮ್ ಸೊನ್ನೆಗೆ ಇಟ್ಟು ಆನ್ ಮಾಡಿ. ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ ಸ್ಪೀಕರ್ ಟರ್ಮಿನಲ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. 100 ದಾಟಿದರೆ ರಿಪೇರಿಯವರಿಗೆ ತೋರಿಸಿ. ವೋಲ್ಟ್‌ಗಟ್ಟಲೆ ಬಂದರೆ ಆ ಆಂಪ್ ನಿಮ್ಮ ಸ್ಪೀಕರ್ ಸುಡಲು ಕಾಯುತ್ತಿದೆ ಅಂತಲೇ ತಿಳಿಯಿರಿ. ವಾಲ್ವ್ ಆಂಪ್‌ಗೆ ಈ ಪರೀಕ್ಷೆ ಮಾಡಬೇಡಿ.

5. ಆಫ್ ಮಾಡಿ, ಸ್ಪೀಕರ್ ಸೇರಿಸಿ, ಸೊನ್ನೆ ವಾಲ್ಯೂಮ್‌ನಲ್ಲಿ ಆನ್ ಮಾಡಿ. ಆಕಾಶವಾಣಿ ವಾರ್ತೆ ಹಾಕಿ. ಎರಡು ಸ್ಪೀಕರ್ ನಡುವೆ ಕೂತು ಕೇಳಿದರೆ ಓದುವವರ ದನಿ ಸರಿಯಾಗಿ ಮಧ್ಯದಿಂದ ಬರಬೇಕು. ದನಿ ಎಲ್ಲೆಲ್ಲೋ ಚದುರಿ, ಹಾಡಿನಲ್ಲಿ ಬೇಸ್ ಮಾಯವಾದರೆ ಒಂದು ಸ್ಪೀಕರಿನ ಕೆಂಪು ಕಪ್ಪು ಅದಲುಬದಲಾಗಿದೆ.

ಆಂಪ್ ಮೇಲೆ ಒಂದು ಗೇಣು ಖಾಲಿ ಬಿಡಿ. ಧೂಳು ಬೀಳುತ್ತೆ ಅಂತ ಕಸೂತಿ ಬಟ್ಟೆ ಹೊದಿಸುವ ಅಭ್ಯಾಸ ಇದೆಯಲ್ಲ, ಏಪ್ರಿಲ್ ಬಿಸಿಲಿನಲ್ಲಿ ಅದು ಆಂಪ್‌ಗೆ ರಗ್ಗು ಹೊದಿಸಿದಂತೆ.

ಹಂತ 9: ನಾಬ್‌ಗೊಂದು ಗಡಿ

ನಾಬ್ ಅರ್ಧಕ್ಕೆ ಬಂದರೆ ಸಿಗುವುದು ಆಂಪ್‌ನ ವಾಟ್‌ನಲ್ಲಿ ಅರ್ಧ ಅಲ್ಲ. ಸಿಡಿ ಪ್ಲೇಯರ್‌ನಂಥವು 2 ವೋಲ್ಟ್ ಕೊಡುತ್ತವೆ. ಬಹಳ ಆಂಪ್‌ಗಳಿಗೆ ಪೂರ್ತಿ ವಾಟ್ ತಲುಪಲು ಅದರ ಕಾಲು ಭಾಗವೂ ಬೇಡ. ಹಾಗಾಗಿ ಗಡಿಯಾರದ 11ರ ಜಾಗದಲ್ಲೇ ಆಂಪ್ ದಮ್ಮು ಮುಗಿದಿರಬಹುದು.

ಗಡಿ ಹುಡುಕುವುದು ಹೀಗೆ. ವಾಲ್ವ್ ಅಲ್ಲದ ಆಂಪ್ ಆದರೆ ಮಾತ್ರ, ಸ್ಪೀಕರ್ ಬಿಚ್ಚಿ, ಫೋನ್‌ನಿಂದ 60 ಹರ್ಟ್ಸ್ ಟೆಸ್ಟ್ ಟೋನ್ ಪೂರ್ತಿ ಮಟ್ಟದಲ್ಲಿ ಹಾಕಿ. ಬೇಸ್, ಟ್ರೆಬಲ್ ಮಧ್ಯದಲ್ಲಿರಲಿ. ಮೀಟರ್ ಎಸಿ ವೋಲ್ಟ್‌ನಲ್ಲಿ. ಸೊನ್ನೆಯಿಂದ ನಿಧಾನಕ್ಕೆ ಏರಿಸುತ್ತಾ, ಸ್ಪೀಕರ್ ಮತ್ತು ಆಂಪ್ ಎರಡರಲ್ಲಿ ಕಡಿಮೆ ವಾಟ್ ಯಾವುದೋ ಅದರ ವೋಲ್ಟ್‌ಗೆ ನಿಲ್ಲಿಸಿ. ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಆ ವೋಲ್ಟ್ ಸಿಗುತ್ತದೆ. 8 ಓಮ್‌ಗೆ 50 ವಾಟ್ ಅಂದರೆ 20 ವೋಲ್ಟ್, 4 ಓಮ್‌ಗೆ 50 ಅಂದರೆ 14. ನಾಬ್ ನಿಂತ ಜಾಗಕ್ಕೆ ಗುರುತು ಹಾಕಿ. ಭಾವನ ಮನೆಯಲ್ಲಿ ಮಾರ್ಕರ್ ಸಿಗಲಿಲ್ಲ. ಅಕ್ಕ ಕನ್ನಡಿ ಅಂಚಿನಿಂದ ಒಂದು ಕೆಂಪು ಸ್ಟಿಕ್ಕರ್ ಕಿತ್ತು ಕೊಟ್ಟಳು, ಅದನ್ನೇ ಅಂಟಿಸಿದೆ. ಈಗ "ಬೊಟ್ಟು ದಾಟ್ಬೇಡಿ" ಅಂತ ಮನೆಗೆ ಬಂದವರಿಗೆಲ್ಲ ಭಾವನೇ ಹೇಳುತ್ತಾರೆ. ಸ್ಪೀಕರ್ ವಾಪಸ್ ಸೇರಿಸುವ ಮುಂಚೆ ವಾಲ್ಯೂಮ್ ಸೊನ್ನೆಗೆ ತಂದು ಆಫ್ ಮಾಡುವುದು ನೆನಪಿರಲಿ.

ಈ ಸೂಚನೆಗಳು ಕಂಡರೆ

ಒಂದು ಗಂಟೆ ಸಾಧಾರಣ ಸದ್ದಿನಲ್ಲಿ ಹಾಡಿದ ಮೇಲೆ ಆಂಪ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸರಿ. ಐದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾದರೆ ಓಮ್ ಕಡಿಮೆಯಾಗಿದೆ ಅಥವಾ ಗಾಳಿ ಇಲ್ಲ. ಹಂತ 2 ಮತ್ತು 3ಕ್ಕೆ ವಾಪಸ್ ಹೋಗಿ.

ಪ್ರೊಟೆಕ್ಟ್ ಲೈಟ್ (ಆಂಪ್ ತನ್ನನ್ನು ಕಾಪಾಡಿಕೊಳ್ಳಲು ಸದ್ದು ನಿಲ್ಲಿಸಿದ ಗುರುತು) ಆಂಪ್ ಆನ್ ಮಾಡಿದ ತಕ್ಷಣ ಬಂದರೆ ಶಾರ್ಟ್ ಅಥವಾ ಒಳಗಿನ ದೋಷ. ಸ್ಪೀಕರ್ ಎಲ್ಲ ಬಿಚ್ಚಿ ಆನ್ ಮಾಡಿ. ಆಗಲೂ ಬಂದರೆ ದೋಷ ಆಂಪ್‌ನದು. ಹತ್ತು ನಿಮಿಷ ಹಾಡಿ ಆಮೇಲೆ ಬಂದರೆ ಬಹುತೇಕ ಓಮ್ ಸಮಸ್ಯೆ.

ಕಡಿಮೆ ಸದ್ದಿನಲ್ಲೂ ಕರಕರ ಅಂದರೆ ವಾಯ್ಸ್ ಕಾಯಿಲ್ ಉಜ್ಜುತ್ತಿದೆ. ಕೋನನ್ನು ಎರಡೂ ಬದಿ ಬೆರಳಿಟ್ಟು ಮೆತ್ತಗೆ ಒತ್ತಿ, ಕೆರೆದಂತಾದರೆ ಅದೇ. ಜೋರು ಸದ್ದಿನಲ್ಲಿ ಮಾತ್ರ ಒಡೆದರೆ ಕ್ಲಿಪ್ಪಿಂಗ್, ಕೂಡಲೇ ಇಳಿಸಿ.

ಸುಟ್ಟ ವಾಸನೆ ಬಂದರೆ ಪ್ಲಗ್ ಕಿತ್ತುಬಿಡಿ. "ಇನ್ನೊಂದ್ಸಲ ಹಾಕಿ ನೋಡೋಣ" ಬೇಡ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದ ಆಂಪ್ ಒಳಗಿನ ಪೂರ್ತಿ ಡಿಸಿಯನ್ನು ಸ್ಪೀಕರ್‌ಗೆ ಸುರಿಯಬಹುದು.

ಫ್ಯೂಸ್ ಹೋದರೆ ಅದೇ ಆಂಪಿಯರ್‌ನ ಇನ್ನೊಂದು ಹಾಕಿ. ತಾಮ್ರದ ಎಳೆ ಸುತ್ತಬೇಡಿ. ಎರಡನೆಯದೂ ಹೋದರೆ ಮೂರನೆಯದು ಹಾಕದೆ ರಿಪೇರಿಗೆ ಕೊಡಿ. ಎಷ್ಟು ಓಮ್, ಹೇಗೆ ಜೋಡಿಸಿದ್ದಿರಿ ಅಂತ ಬರೆದ ಆ ಚೀಟಿಯನ್ನೂ ಆಂಪ್ ಜೊತೆಗೇ ಕೊಡಿ.